ತಾಮ್ರದ ಹೆಪ್ಪು

ಮೊಸರಿಗೆ ಹೆಪ್ಪು ಹಾಕುವ ಹಾಗೆ ತಾಮ್ರಕ್ಕೂ ಹೆಪ್ಪು ಹಾಕಬಹುದು ಎಂದು ಗೊತ್ತಾದ ಮೇಲೆ ಗದಗ-ಬೆಟಗೇರಿಯ ಎಲೆಕ್ಟ್ರಾನಿಕ್ಸ್ ಹುಚ್ಚರಿಗೆ ಹೋದ ಜೀವ ಬಂದಂತಾಯಿತು.

ಅದಕ್ಕೆ ಮುಂಚಿನ ಅವರ ಪಾಡು ವೈರಿಗೂ ಬೇಡ. ಸಂಜೆಯ ಬಿಡುವಿನಲ್ಲಿ ಕೂತು, ಗಿಡಕ್ಕೆ ತಾನಾಗಿ ನೀರು ಬಿಡುವ ಸಾಧನವನ್ನೋ ಹಳೇ ರೇಡಿಯೋ ರಿಪೇರಿಯ ಉಪಾಯವನ್ನೋ ಕಾಗದದ ಮೇಲೆ ಬರೆದುಕೊಳ್ಳುವುದು ಸುಲಭ. ಅದನ್ನು ಸರ್ಕಿಟ್ ಬೋರ್ಡಿನ ಮೇಲೆ ತಾಮ್ರದ ಗೆರೆಗಳಾಗಿ ಮೂಡಿಸಿಕೊಡುವವರು ಬೇಕಲ್ಲ. ದೊಡ್ಡ ಕಂಪನಿಗಳನ್ನು ಕೇಳಿದರೆ ಕನಿಷ್ಠ ನೂರು ಬೋರ್ಡು ಬೇಕಾದರೆ ಮಾತಾಡಿ ಎನ್ನುತ್ತಿದ್ದವು. ಐದೇ ಮಾಡಿಕೊಡುತ್ತೇವೆ ಎನ್ನುವವರು ಪರದೇಶದಲ್ಲಿದ್ದರು. ಬೋರ್ಡಿಗಿಂತ ಅದು ಬರುವ ಖರ್ಚೇ ಜಾಸ್ತಿ, ಬರುವುದು ತಿಂಗಳ ಮೇಲೆ. ಮನೆಯಲ್ಲೇ ಮಾಡಿಕೊಳ್ಳುತ್ತೇನೆಂದು ಬಚ್ಚಲಿನಲ್ಲಿ ತಾಮ್ರ ಕರಗಿಸುವ ರಸ ಕಲಸಿ, ಹೆಂಡತಿಯ ಸೀರೆಗೆ ಎಂದೂ ಹೋಗದ ಕಲೆ ಮಾಡಿ ಬೈಸಿಕೊಂಡವರ ಪಟ್ಟಿ ಉದ್ದವಿತ್ತು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಫಕ್ಕೀರೇಶ ಮಾಸ್ತರರ ಹೆಸರು ಆ ಪಟ್ಟಿಯಲ್ಲಿ ಮೊದಲನೆಯದು.

ಆಮೇಲೆ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಆ ಸೂಕ್ಷ್ಮಜೀವಿ ಸಿಕ್ಕಿತು. ತಾಮ್ರದ ಉಪ್ಪು ಬೆರೆಸಿದ ನೀರಿನಲ್ಲಿ ಅದು ಬದುಕುತ್ತದೆ. ಬೆಳಕು ಬಿದ್ದ ಕಡೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡಲ್ಲಿ ಸ್ವಲ್ಪ ವಿದ್ಯುತ್ತು ಹರಿಸಿದರೆ ತನ್ನ ಸುತ್ತ ತಾಮ್ರದ ತೆಳು ಪದರ ಕಟ್ಟುತ್ತದೆ. ಬೇಕಾದ ಗೆರೆಗಳನ್ನು ಬೆಳಕಿನಿಂದ ಹಾಳೆಯ ಮೇಲೆ ಬರೆದು ಮುಂಜಾನೆ ತೊಟ್ಟಿಯಲ್ಲಿ ಅದ್ದಿದರೆ ಸಂಜೆಗೆ ಬೋರ್ಡು ಸಿದ್ಧ. ಒಂದು ಸಲದ ತಿಳಿಯಲ್ಲಿ ಒಂದು ಬಟ್ಟಲು ತೆಗೆದಿಟ್ಟರೆ ಮುಂದಿನ ಸಲಕ್ಕೆ ಅದೇ ಹೆಪ್ಪು.

ಬೆಟಗೇರಿಯಲ್ಲಿ ಮುಚ್ಚಿಹೋಗಿದ್ದ ಒಂದು ಛಾಪಖಾನೆಯ ಹಾಲಿನಲ್ಲಿ ಇಂಥ ತೊಟ್ಟಿ ಬಂತು. ಅದನ್ನು ನೋಡಿಕೊಳ್ಳಲು ಬಂದವಳು ನೀಲಗಂಗಾ ಹೊಂಬಳ. ಅದೇ ಛಾಪಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದವಳು. ಒಂದು ದೊಡ್ಡ ಹಾಳೆಯಲ್ಲಿ ಮದುವೆ ಕರೆಯೋಲೆ, ನಾಟಕದ ಟಿಕೀಟು, ಔಷಧದ ಚೀಟಿ ಎಲ್ಲವನ್ನೂ ಒಂದಿಂಚೂ ವ್ಯರ್ಥವಾಗದಂತೆ ಕೂರಿಸುವುದು ಅವಳ ಕೈಗೆ ಹತ್ತಿದ ವಿದ್ಯೆ. ಈಗ ಅದೇ ಕೈ ಹನ್ನೆರಡು ಮಂದಿಯ ಬೋರ್ಡುಗಳನ್ನು ಒಂದೇ ಹಾಳೆಯಲ್ಲಿ ಕೂರಿಸುತ್ತಿತ್ತು. ಹಾಳೆ ಹಂಚಿಕೊಂಡಿದ್ದರಿಂದ ಖರ್ಚೂ ಹಂಚಿಹೋಗುತ್ತಿತ್ತು. ದರ್ಜಿ ಇಸ್ಮಾಯಿಲ್‌ನಂಥವನೂ ತನಗೆ ಬೇಕಾದ ಒಂದೇ ಒಂದು ಬೋರ್ಡು ಮಾಡಿಸಿಕೊಳ್ಳಬಹುದಾಗಿತ್ತು. ಐವತ್ತೆರಡರ ವಯಸ್ಸಿನಲ್ಲಿ ತನ್ನ ವಿದ್ಯೆಗೆ ಮತ್ತೆ ಬೆಲೆ ಬಂತೆಂದು ನೀಲಗಂಗಾಳಿಗೆ ಹೆಮ್ಮೆ. ಸ್ವಲ್ಪ ಜಾಸ್ತಿಯೇ ಹೆಮ್ಮೆ ಎಂದು ಅವಳ ಅತ್ತೆ ಪಾರವ್ವನ ಅಭಿಪ್ರಾಯ.

ಆ ಹೆಮ್ಮೆ ನೆತ್ತಿಗೇರಿದ್ದು ಹಗೇವಿನ ಬಿಲ್ಲೆಯಿಂದ.

ಬೇಸಿಗೆ ವರ್ಷವರ್ಷಕ್ಕೂ ಕಾಯತೊಡಗಿ, ಗೋದಾಮಿನ ಜೋಳಕ್ಕೆ ಹುಳ ತಡೆಯುವುದೇ ಆಗದೆ, ಜನ ಅಜ್ಜಂದಿರು ಬಿಟ್ಟುಹೋಗಿದ್ದ ಹಗೇವುಗಳನ್ನು ಮತ್ತೆ ತೆರೆದಿದ್ದರು. ನೆಲದೊಳಗೆ ಆಳುದ್ದ ಎರಡಾಳುದ್ದ ತೋಡಿದ ಕಣಜ ಅದು. ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ. ಒಳಗೆ ಜೋಳ ತಣ್ಣಗೆ ಎರಡು ಮೂರು ವರ್ಷ ಕೆಡದೆ ಇರುತ್ತದೆ. ಆದರೆ ಮುಚ್ಚಿಟ್ಟ ಕಾಳು ಉಸಿರಾಡಿ ಉಸಿರಾಡಿ ಒಳಗಿನ ಗಾಳಿ ವಿಷವಾಗಿರುತ್ತದೆ. ಅದಕ್ಕೇ ಹಿಂದಿನವರು ಮೊದಲು ಕಂದೀಲು ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. ಫಕ್ಕೀರೇಶ ಮಾಸ್ತರರು ಕಂದೀಲಿನ ಬದಲು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೊಂದನ್ನು ಯೋಚಿಸಿದರು. ಗಾಳಿ ಸರಿ ಇದ್ದರೆ ಹಸಿರು ದೀಪ. ಕೆಟ್ಟರೆ ಹಸಿರು ಆರಿ ಕೆಂಪು ಹತ್ತಿ ಕೂಗು ಹೊಡೆಯುತ್ತದೆ. ನೀಲಗಂಗಾ ಒಂದೇ ಹಾಳೆಯಲ್ಲಿ ಇಪ್ಪತ್ತನಾಲ್ಕು ಬಿಲ್ಲೆ ಕೂರಿಸಿ, ಉಳಿದ ಜಾಗದಲ್ಲಿ ಬೇರೆಯವರ ಬೋರ್ಡುಗಳನ್ನು ತುಂಬಿ, ತೊಟ್ಟಿಗೆ ಬಿಟ್ಟಳು.

ಅವಳ ಗಂಡ ಅಂದಾನಪ್ಪನ ಕಸುಬು ಹಗೇವು ಇಳಿಯುವುದು.

ಆ ಸೋಮವಾರ ಮುಂಜಾನೆ ಅವನು ಕಲ್ಲಹಾಳದ ಗೌಡರ ಹಗೇವು ತೆಗೆಯಲು ಹೊರಟಿದ್ದ. ನೀಲಗಂಗಾ ತಾನೇ ಅವನ ಬನಿಯನ್ನಿಗೆ ಬಿಲ್ಲೆ ಸಿಕ್ಕಿಸಿದಳು. ಹಿಂದೆ ಒಂದನೇ ನಂಬರು ಕೆತ್ತಿತ್ತು. ಒಂದನೆಯದು ತನ್ನ ಗಂಡನಿಗೇ ಇರಲಿ ಎಂದು ಎತ್ತಿಟ್ಟಿದ್ದಳು.

ಪಾರವ್ವ ಕಂದೀಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಇದನ್ನೂ ಒಯ್ಯೋ ತಮ್ಮಾ. ನಿಮ್ಮಪ್ಪ ಇದನ್ನ ಬಿಟ್ಟು ಒಂದಿನಾನೂ ಇಳದಾವಲ್ಲ."

"ಅತ್ತೀ, ಕಂದೀಲು ಆರೂತನಕಾ ಕಾಯ್ಕೋತ ಕುಂದ್ರೂ ಕಾಲ ಮುಗೀತ್ರಿ," ಎಂದಳು ನೀಲಗಂಗಾ. "ಊರೂರಿಗೆ ಹೇಳೇನಿ. ಕಲ್ಲಹಾಳದಾಗ ಕಂದೀಲು ಗುಜರಿಗೆ ಹಾಕಿದ್ರಂತ."

ಅಂದಾನಪ್ಪ ನಕ್ಕ. "ನೀಲಾ ಮಾಡ್ಯಾಳಂದ್ರ ಆತ ಬಿಡವ್ವಾ. ಎರಡೆರಡ ದೀಪ ಹೊತ್ಕೊಂಡ ಹೋದ್ರ ಮಂದಿ ನಗತಾರ."

ಅವನು ಹೋದ ಮೇಲೆ ಪಾರವ್ವ ಒಳಗೆ ಹೋಗಿ ಮೊಸರಿನ ಗಡಿಗೆ ನೋಡಿ ಗೊಣಗಿದಳು. ಪಕ್ಕದ ಮನೆಯಿಂದ ತಂದ ಹೆಪ್ಪು ಹುಳಿಯಂತೆ, ನಮ್ಮ ಹಾಲೂ ಹುಳಿಯಾಯಿತಂತೆ. ನೀಲಗಂಗಾ ಕೇಳಿಯೂ ಕೇಳದವಳ ಹಾಗೆ ಚೀಲ ಎತ್ತಿಕೊಂಡಳು. ಆ ಮಾತು ಅವಳನ್ನು ಚುಚ್ಚಲು ಬೇರೆ ಕಾರಣವಿತ್ತು. ಮೂರು ವಾರದ ಹಿಂದೆ, ಬಿಸಿಲಿನ ಝಳಕ್ಕೆ ಅವಳ ತೊಟ್ಟಿಯ ಹೆಪ್ಪು ಸತ್ತುಹೋಗಿತ್ತು. ಧಾರವಾಡಕ್ಕೆ ಬರೆದು ಹೊಸದನ್ನು ತರಿಸಬಹುದಿತ್ತು. ಹದಿನೈದು ದಿನ ಹಿಡಿಯುತ್ತಿತ್ತು, ಹೆಪ್ಪು ಕಾಯಲಾರದವಳು ಎಂಬ ಮಾತೂ ಬರುತ್ತಿತ್ತು. ಅವಳು ಯಾರಿಗೂ ಹೇಳದೆ ಅಣ್ಣಿಗೇರಿಗೆ ಹೋಗಿ ಅಲ್ಲಿ ತೊಟ್ಟಿ ಇಟ್ಟಿದ್ದ ಕಾಶಮ್ಮನಿಂದ ಒಂದು ಬಟ್ಟಲು ಹೆಪ್ಪು ಇಸಿದುಕೊಂಡು ಬಂದಿದ್ದಳು. ಮನೆಯಲ್ಲಿ ಹೆಪ್ಪು ತೀರಿದರೆ ಹೆಣ್ಣುಮಕ್ಕಳು ಮಾಡುವುದೇ ಅದನ್ನಲ್ಲವೇ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತಾರೆ. ಅದು ಯಾವ ಹಾಲಿನದು ಎಂದು ಯಾರೂ ಕೇಳುವುದಿಲ್ಲ. ನೀಲಗಂಗಾಳೂ ಕೇಳಲಿಲ್ಲ.

ಹತ್ತೂವರೆಯ ಹೊತ್ತಿಗೆ ಇಸ್ಮಾಯಿಲ್ ಛಾಪಖಾನೆಗೆ ಬಂದ. ಅವನು ಮಾಡಿಸಿದ್ದು ಹೊಲಿಗೆ ಯಂತ್ರದ ದೀಪದ ಬೋರ್ಡು. ಪೆಡಲು ತುಳಿದಾಗ ಮಾತ್ರ ದೀಪ ಹತ್ತಬೇಕು.

"ಅಕ್ಕಾರ, ನಿಮ್ಮ ಬೋರ್ಡು ಭಾಳ ಧಾರಾಳ ಐತ್ರಿ," ಎಂದ. "ತುಳದ್ರೂ ಹತ್ತತೈತಿ, ತುಳೀದಿದ್ರೂ ಹತ್ತತೈತಿ. ನಾ ಮನಿಗೆ ಹೋದ್ರೂ ಅದು ದುಡ್ಯಾಕತ್ತಿರತೈತಿ."

"ನೀವ ಬೆಸುಗಿ ತಪ್ಪು ಹಾಕೀರಿ," ಎಂದು ನಗುತ್ತ ನೀಲಗಂಗಾ ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಬೆಸುಗೆ ಚೆನ್ನಾಗಿಯೇ ಇತ್ತು. ಅವಳು ಬೋರ್ಡನ್ನು ನಿಧಾನವಾಗಿ ಸರಿಸಿದಳು. ಬ್ಯಾಟರಿಯ ತುದಿಯಿಂದ ದೀಪದ ತುದಿಗೆ ಒಂದು ಗೆರೆ ಹೋಗಿತ್ತು. ತಲೆಗೂದಲಿನ ಅರ್ಧದಷ್ಟು ತೆಳು. ನಡುವಿನ ಪೆಡಲಿನ ಗುಂಡಿಯನ್ನು ಸುತ್ತುಹಾಕಿಕೊಂಡು, ಒಂದು ಕಡೆ ಸ್ವಲ್ಪ ಬಾಗಿ, ಮತ್ತೆ ನೆಟ್ಟಗೆ ಹೋಗಿತ್ತು. ಆ ಗೆರೆಯನ್ನು ಇಸ್ಮಾಯಿಲ್ ಬರೆದಿರಲಿಲ್ಲ. ಅವಳೂ ಬರೆದಿರಲಿಲ್ಲ.

ಅವಳ ನಗು ನಿಂತಿತು. ತೊಟ್ಟಿಯ ಪಕ್ಕದಲ್ಲಿ ಫಕ್ಕೀರೇಶ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರು. ಅವರನ್ನು ಕರೆದಳು. ಅವರು ನೋಡಿದರು, ಮತ್ತೆ ನೋಡಿದರು.

"ಹೆಪ್ಪು ಎಲ್ಲಿದು ನೀಲಗಂಗವ್ವ?"

ಹೇಳದೆ ಗತಿಯಿರಲಿಲ್ಲ. ಹೇಳಿದಳು. ಮಾಸ್ತರರು ಬೈಯಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಅವರೇ ಕಾಶಮ್ಮನಿಗೆ ಫೋನು ಮಾಡಿ, ನಿಮ್ಮ ತೊಟ್ಟಿಯಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿದರು.

"ಏನೇನೂ ಇಲ್ರಿ ಸರ, ಒಂದ ಮಾಲು," ಎಂದಳು ಕಾಶಮ್ಮ. "ಗಣಪತಿ ಮಂಟಪದ ದೀಪದ ಬೋರ್ಡು. ಎರಡು ವರ್ಷದಿಂದ ಅದನ್ನ ಮಾಡಾಕತ್ತೇವಿ. ಬ್ಯಾಟರಿಯಿಂದ ದೀಪಕ್ಕ ಒಂದ ದಪ್ಪ ಗೆರಿ, ಅಷ್ಟ."

ಮಾಸ್ತರರು ಫೋನು ಇಟ್ಟು ಕುರ್ಚಿಯಲ್ಲಿ ಕೂತರು. "ಇವು ಸರಪಳಿ ಕಟ್ಟಿ ಬೆಳೀತಾವ. ತಾಯಿ ಎಷ್ಟು ದೂರದಾಗ ಹ್ಯಾಂಗ ಬಾಗಿ ಕುಂತಿತ್ತೋ ಮಗಳೂ ಹಂಗ ಕುಂದರತಾಳ. ಎರಡು ವರ್ಷ ಒಂದ ಗೆರಿ ಕಟ್ಟಿ ಕಟ್ಟಿ ಅವಕ್ಕ ಅದ ರೂಢಿ ಆಗೇತಿ. ಎಲ್ಲಿ ವಿದ್ಯುತ್ತು ಜೋರ ಇರತದೋ, ಎಲ್ಲಿ ಬ್ಯಾಟರಿ ದೀಪ ಎದರಾಬದರಾ ಸಿಗತಾವೋ, ಅಲ್ಲಿ ತಮ್ಮ ಹಳೇ ಗೆರಿ ತಾವ ಹಾಕ್ಯಾವ."

"ಅದ ಹಾಳ್ಯಾಗಿನ ಬಿಲ್ಲೆ ನಾವು ಪರೀಕ್ಷಾ ಮಾಡಿದ್ವಲ್ರಿ ಸರ. ಕೆಟ್ಟ ಗಾಳಿ ತುಂಬಿದ ಜಾಡಿಯೊಳಗ ಇಟ್ಟು ನೋಡಿದ್ವಿ. ಕೆಂಪು ಬಂತು."

"ಎಷ್ಟನೇ ನಂಬರು ಇಟ್ಟಿದ್ದಿ?"

"ಹತ್ತು." ಛಾಪಖಾನೆಯ ಪದ್ಧತಿ ಅದು. ಹಾಳೆಯ ನಡುವಿನದೊಂದನ್ನು ನೋಡಿದರೆ ಹಾಳೆಯನ್ನೆಲ್ಲ ನೋಡಿದ ಹಾಗೆ.

ಗೋಡೆಯ ಮೇಲೆ ಆ ಹಾಳೆಯ ನಕ್ಷೆ ತೂಗುತ್ತಿತ್ತು, ಅವಳದೇ ಕೈಬರಹದಲ್ಲಿ. ವಿದ್ಯುತ್ತಿನ ತಂತಿ ಜೋಡಿಸುವುದು ಎಡ ಅಂಚಿಗೆ. ಅಲ್ಲಿಯೇ ವಿದ್ಯುತ್ತು ಜೋರು. ಎಡ ಅಂಚಿನಲ್ಲಿ ಮೇಲೆ ಇಸ್ಮಾಯಿಲ್‌ನ ದೀಪ. ಅದರ ಕೆಳಗೆ ಬಿಲ್ಲೆಗಳ ನಾಲ್ಕು ಸಾಲು, ಸಾಲಿಗೆ ಆರು. ಅಂಚಿಗೆ ತಾಗಿ ಒಂದು, ಏಳು, ಹದಿಮೂರು, ಹತ್ತೊಂಬತ್ತು.

ನೀಲಗಂಗಾ ಒಂದು ಎಂಬ ಅಂಕಿಯ ಮೇಲೆ ಬೆರಳಿಟ್ಟು ನಿಂತಳು. ಆ ಬೆರಳು ಎಲ್ಲಿದೆಯೆಂದು ಇಸ್ಮಾಯಿಲ್ ನೋಡಿದ. ಅವನಿಗೂ ಅರ್ಥವಾಯಿತು. ಗಾಳಿ ಕೆಟ್ಟರೆ ಬಿಲ್ಲೆ ಹಸಿರಿನ ದಾರಿ ಮುಚ್ಚಿ ಕೆಂಪಿನ ದಾರಿ ತೆರೆಯಬೇಕು. ಈ ಗೆರೆ ಇದ್ದರೆ ಬ್ಯಾಟರಿಯ ವಿದ್ಯುತ್ತು ನಡುವೆ ಯಾರನ್ನೂ ಕೇಳದೆ ಹಸಿರಿಗೇ ಹೋಗುತ್ತದೆ. ಕೆಂಪಿಗೆ ಏನೂ ಉಳಿಯುವುದಿಲ್ಲ. ಗಾಳಿ ಎಷ್ಟೇ ಕೆಡಲಿ, ಆ ಬಿಲ್ಲೆ ಹಸಿರಾಗಿಯೇ ಇರುತ್ತದೆ.

ಅಂದಾನಪ್ಪನಿಗೆ ಫೋನು ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಅವನು ಹಗೇವು ಇಳಿಯುವಾಗ ಅಂಗಿ ಬಿಚ್ಚಿ ಗಿಡಕ್ಕೆ ತೂಗುಹಾಕುತ್ತಾನೆ, ಫೋನು ಅಂಗಿಯ ಕಿಸೆಯಲ್ಲಿರುತ್ತದೆ ಎಂಬುದು ನೆನಪಾಯಿತು. ಗೌಡರ ಮನೆಯ ನಂಬರು ಹುಡುಕಿ ಒತ್ತಿದಳು. ಗೌಡರ ಹೆಂಡತಿ ಗೌರಕ್ಕ ಎತ್ತಿಕೊಂಡಳು.

"ಗೌರಕ್ಕಾರ, ನಾ ನೀಲಗಂಗಾ. ನಮ್ಮವರು ಎಲ್ಲಿ ಅದಾರ್ರಿ?"

"ಹಗೇವಿನಾಗ ಇಳದಾರ್ರಿ ಯವ್ವಾ. ಮ್ಯಾಲಿನ ಜೋಳ ಒಂದು ಚೀಲ ಬಂತು. ಈಗ ಕೆಳಗ ಹೋಗ್ಯಾರ. ನಿಮ್ಮ ಹಸರ ದೀಪ ಚೊಲೊ ಉರ್ಯಾಕತ್ತೇತಿ ನೋಡ್ರಿ."

"ಆ ದೀಪ ಸುಳ್ಳ ಐತ್ರಿ. ಅವರನ್ನ ಮ್ಯಾಲೆ ಎಳಸ್ರಿ. ಮದಲ ಎಳಸ್ರಿ, ಆಮ್ಯಾಲೆ ಮಾತು."

"ಸುಳ್ಳ ಅಂದ್ರ?"

"ಒಳಗ ಗಾಳಿ ಇಲ್ರಿ ಯವ್ವಾ. ಸೊಂಟದ ಹಗ್ಗ ಐತೇನ್ರಿ? ಹಗ್ಗ ಜಗ್ಗಸ್ರಿ. ಅವರನ್ನ ಕರ್ಯಾಕ ಇನ್ನೊಬ್ರನ್ನ ಮಾತ್ರ ಇಳಸಬ್ಯಾಡ್ರಿ."

ಗೌರಕ್ಕ ಓಡತೊಡಗಿದ್ದು ಕೇಳಿಸಿತು. ಅವಳ ಏದುಸಿರು, ಬಳೆಯ ಸದ್ದು, ಯಾವುದೋ ನಾಯಿ. ಮಾಸ್ತರರು ಫೋನಿನ ದನಿ ಜೋರು ಮಾಡಿ ಮೇಜಿನ ಮೇಲಿಟ್ಟರು. ಮೂವರೂ ಅದರ ಸುತ್ತ ಬಗ್ಗಿ ನಿಂತರು. ದೂರದಿಂದ ಗಂಡಸರ ಮಾತು ಹತ್ತಿರವಾಯಿತು. ಜಗ್ಗೋ ಎಂದು ಗೌರಕ್ಕ ಕೂಗಿದಳು. ಯಾಕಬೇ, ಹಸರ ಐತಲ್ಲ ಎಂದು ಯಾರೋ ಕೇಳಿದರು. ಆಮೇಲೆ ಬೇರೊಂದು ದನಿ, ಹೆದರಿದ ದನಿ: "ಅಂದಾನಣ್ಣಾ, ಓಗೊಡು. ಅಂದಾನಣ್ಣಾ."

ಉತ್ತರ ಬರಲಿಲ್ಲ.

"ಹಗ್ಗ ಒಜ್ಜಿ ಬರಾಕತ್ತೇತಿ," ಎಂದಿತು ಮೊದಲಿನ ದನಿ. "ಎಲ್ಲಾರೂ ಹಿಡೀರಿ."

ಆಮೇಲೆ ಫೋನು ಕಾಳಿನ ಮೇಲೆ ಬಿದ್ದ ಸದ್ದು. ಗುಜುಗುಜು. ಒಂದು ಮಾತೂ ಸ್ಪಷ್ಟವಿಲ್ಲ. ಒಬ್ಬ ಹೆಂಗಸು ಅಳುತ್ತಿದ್ದಳು. ಅಳುವವಳು ಯಾತಕ್ಕೆ ಅಳುತ್ತಾಳೆ ಎಂದು ಕೇಳಿದರೆ ಹೇಳುವವರಿಲ್ಲ. ನೀಲಗಂಗಾ ಮೇಜಿನ ಅಂಚು ಹಿಡಿದು, ಗೌರಕ್ಕಾರ, ಗೌರಕ್ಕಾರ ಎಂದು ಕರೆಯುತ್ತಲೇ ಇದ್ದಳು. ಫೋನು ಕಟ್ಟಾಯಿತು.

"ಏಳು, ಹದಿಮೂರು, ಹತ್ತೊಂಬತ್ತು ಯಾರ್ಯಾರ ಹತ್ರ ಅದಾವ ಬರದ ಕೊಡ್ರಿ," ಎಂದ ಇಸ್ಮಾಯಿಲ್. "ಅವರಿಗೆ ನಾ ಫೋನ್ ಹಚ್ಚತೀನಿ. ನೀವು ನಡೀರಿ ಅಕ್ಕಾರ."

ಕಲ್ಲಹಾಳ ಬೆಟಗೇರಿಯಿಂದ ಹದಿನೆಂಟು ಕಿಲೋಮೀಟರು. ಮಾಸ್ತರರ ಸ್ಕೂಟರು ಅವರಷ್ಟೇ ಹಳೆಯದು. ದಾರಿಯುದ್ದಕ್ಕೂ ನೀಲಗಂಗಾ ಫೋನು ಕಿವಿಗೆ ಒತ್ತಿ ಹಿಡಿದಿದ್ದಳು, ಯಾರೂ ಎತ್ತಲಿಲ್ಲ. ಮುಂಜಾನೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಯಲ್ಲಿನ ಕಂದೀಲು ಅವಳ ಕಣ್ಣ ಮುಂದಿನಿಂದ ಹೋಗಲೊಲ್ಲದು. ಅದನ್ನು ಒಯ್ಯಬೇಡಿ ಎಂದವಳು ತಾನು. ಕಲ್ಲಹಾಳದವರ ಕಂದೀಲು ಗುಜರಿಗೆ ಹಾಕಿಸಿದವಳೂ ತಾನು. ಏನಾದರೂ ಆಗಿದ್ದರೆ ಪಾರವ್ವನಿಗೆ ಯಾವ ಬಾಯಿಂದ ಹೇಳುವುದು? ಒಂದು ಕಡೆ ಎಮ್ಮೆಗಳು ಅಡ್ಡ ಬಂದು ಮಾಸ್ತರರು ಸ್ಕೂಟರು ನಿಲ್ಲಿಸಿದಾಗ ಅವಳು ಇಳಿದು ಓಡಲು ಹೋದಳು. ಅವರು ಸೆರಗು ಹಿಡಿದು ಮತ್ತೆ ಕೂರಿಸಿದರು.

ಗೌಡರ ಅಂಗಳದ ತುಂಬ ಜನ. ದಾರಿ ಬಿಟ್ಟರು. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಅಂದಾನಪ್ಪ ಮಲಗಿದ್ದ. ಮುಖ ಬೂದಿಬಣ್ಣ. ಕಣ್ಣು ಮುಚ್ಚಿತ್ತು. ಊರಿನ ನರ್ಸಬಾಯಿ ಅವನ ಕೈ ಹಿಡಿದು ಕೂತಿದ್ದಳು. ಬನಿಯನ್ನಿನ ಮೇಲೆ ಒಂದನೇ ನಂಬರಿನ ಬಿಲ್ಲೆ, ಏನೂ ಆಗಿಯೇ ಇಲ್ಲವೆಂಬಂತೆ, ಹಸಿರಾಗಿ ಉರಿಯುತ್ತಿತ್ತು.

ನೀಲಗಂಗಾ ಮೊದಲು ಅದನ್ನು ಕಿತ್ತಳು. ಆಮೇಲೆ ಅವನ ಎದೆಯ ಮೇಲೆ ಕೈಯಿಟ್ಟಳು. ಎದೆ ಏರಿತು, ಇಳಿಯಿತು.

"ಉಸರ ಬಂದೈತ್ರಿ," ಎಂದಳು ನರ್ಸಬಾಯಿ. "ಇನ್ನ ಎರಡು ನಿಮಿಷ ಆಗಿದ್ರ ಬರತಿದ್ದಿಲ್ಲ. ಆಸ್ಪತ್ರಿ ಗಾಡಿಗೆ ಹೇಳಿ ಕಳಸೇವಿ."

ಅಂದಾನಪ್ಪ ಕಣ್ಣು ತೆರೆದ. ಅವಳನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಒಳಗ ಹೋದಕೂಡ್ಲೆ ತಲಿ ತಿರಗಾಕತ್ತಿತ್ತು ನೀಲಾ," ಎಂದ, ಪಿಸುದನಿಯಲ್ಲಿ. "ಮ್ಯಾಲೆ ಬರೂಣ ಅಂದ್ಕೊಂಡೆ. ದೀಪ ನೋಡಿದೆ. ಹಸರ ಇತ್ತು. ನನ್ನ ತಲೀನ ಕೆಟ್ಟೈತಿ, ದೀಪ ಖರೆ ಐತಿ ಅಂದ್ಕೊಂಡೆ. ಯಾಕಂದ್ರ ಅದು ನೀ ಮಾಡಿದ್ದು."

ಇಪ್ಪತ್ತೆಂಟು ವರ್ಷದಲ್ಲಿ ಒಂದು ಅಕ್ಷರ ತಪ್ಪಿದರೆ ತಿದ್ದೋಲೆ ಅಚ್ಚು ಹಾಕಿಸಿ ಹಂಚಿದವಳು ನೀಲಗಂಗಾ. ಈ ಮಾತಿಗೆ ಯಾವ ತಿದ್ದೋಲೆ? ಅವಳು ಹೊರಸಿನ ಕಾಲ ಬಳಿ ಕೂತು ಅತ್ತಳು, ಊರೆಲ್ಲ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಅತ್ತಳು. ಅಳುತ್ತಿರುವಾಗಲೇ ಇಸ್ಮಾಯಿಲ್‌ನ ಫೋನು ಬಂತು. ಏಳು, ಹತ್ತೊಂಬತ್ತು ಇನ್ನೂ ಪೊಟ್ಟಣದಲ್ಲೇ ಇದ್ದವಂತೆ. ಹದಿಮೂರನೆಯದನ್ನು ಕಟ್ಟಿಕೊಂಡವನು ಫೋನು ಹೋದಾಗ ಹಗೇವಿನ ಬಾಯಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದನಂತೆ, ಇಳಿಯದೆ ಎದ್ದುಬಂದನಂತೆ.

ಅಂದಾನಪ್ಪ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಐದನೆಯ ದಿನ ನೀಲಗಂಗಾ ಹವ್ಯಾಸಿಗಳನ್ನೆಲ್ಲ ಛಾಪಖಾನೆಗೆ ಕರೆಸಿದಳು. ಹೆಪ್ಪು ಸತ್ತದ್ದು, ಇಸಿದುಕೊಂಡು ಬಂದದ್ದು, ಮುಚ್ಚಿಟ್ಟದ್ದು ಎಲ್ಲವನ್ನೂ ನಿಂತುಕೊಂಡೇ ಹೇಳಿದಳು. ತಪ್ಪು ಗೆರೆಯ ಸುದ್ದಿಯನ್ನು ಕಾಶಮ್ಮನಿಗೂ ಧಾರವಾಡಕ್ಕೂ ಬರೆದಿದ್ದಳು. ಒಬ್ಬಿಬ್ಬರು ಸಿಟ್ಟಾದರು. ಎಡ ಅಂಚು ಬಿಟ್ಟು ಉಳಿದ ಹಾಳೆ ಬಳಸಿದರಾಯಿತು, ಹೆಪ್ಪು ಯಾಕೆ ಚೆಲ್ಲಬೇಕು ಎಂದರು ಕೆಲವರು. ಮತ್ತೆ ಆ ಕಂಪನಿಗಳ ಬಾಗಿಲು ಕಾಯುವುದು ಅವರಿಗೆ ಬೇಡವಾಗಿತ್ತು.

"ಇವತ್ತ ಅಂಚಿನಾಗ ಐತಿ," ಎಂದಳು ನೀಲಗಂಗಾ. "ನಾಳೆ ಎಲ್ಲಿ ಬರತೈತಿ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಇನ್ನೊಬ್ರ ಎದಿಗೆ ನಾ ಕಟ್ಟಂಗಿಲ್ಲ."

ಕುದಿಯುವ ನೀರನ್ನು ಅವಳೇ ತಂದಳು, ಅವಳೇ ಸುರಿದಳು. ತೊಟ್ಟಿಯ ಹಸಿರು-ನೀಲಿ ನೀರು ಕದಡಿತು. ಹೆಪ್ಪು ಸತ್ತು, ಬೆಳ್ಳಗಾಗಿ, ತಳಕ್ಕೆ ಕೂತಿತು. ಧಾರವಾಡದ ಮೂಲ ಹೆಪ್ಪು ಬರಲು ಹದಿನೆಂಟು ದಿನ ಹಿಡಿಯಿತು. ಮೊದಲೇ ತರಿಸಿದ್ದರೆ ಹದಿನೈದು.

ಹೊಸ ಬಿಲ್ಲೆಗಳಾದಾಗ ಇಪ್ಪತ್ತನಾಲ್ಕನ್ನೂ ಜಾಡಿಯಲ್ಲಿಟ್ಟು ನೋಡಿದಳು. ಇಪ್ಪತ್ತನಾಲ್ಕೂ ಕೆಂಪಾದವು. ಆದರೂ ಅವಳ ಜೀವಕ್ಕೆ ಸಮಾಧಾನವಿರಲಿಲ್ಲ.

ಅಂದಾನಪ್ಪ ಮತ್ತೆ ಹಗೇವಿಗೆ ಹೊರಟ ದಿನ ಪಾರವ್ವ ಬಾಗಿಲಿಗೆ ಬರಲಿಲ್ಲ. ಕಂದೀಲಿನ ಗಾಜು ಒರೆಸಿ, ಎಣ್ಣೆ ತುಂಬಿ, ಸೊಸೆಯ ಚಪ್ಪಲಿಯ ಪಕ್ಕದಲ್ಲಿ ಇಟ್ಟಿದ್ದಳು. ನೀಲಗಂಗಾ ಅದನ್ನು ಎತ್ತಿಕೊಂಡು ಗಂಡನ ಹಿಂದೆ ತಾನೂ ಹೊರಟಳು.

ಅದೇ ಕಲ್ಲಹಾಳ, ಗೌಡರ ಎರಡನೆಯ ಹಗೇವು. ಬಾಯಿ ತೆರೆದರು. ಅಂದಾನಪ್ಪ ಅಂಗಿ ಬಿಚ್ಚಿ ಗಿಡಕ್ಕೆ ಹಾಕಿ ಬಿಲ್ಲೆಗೆ ಕೈಯೊಡ್ಡಿದ. ಅವಳು ಕೊಡಲಿಲ್ಲ. ಕಂದೀಲು ಹೊತ್ತಿಸಿ, ಅದರ ಹಿಡಿಕೆಗೆ ಬಿಲ್ಲೆಯನ್ನು ಕಟ್ಟಿ, ಎರಡನ್ನೂ ಒಂದೇ ಹಗ್ಗದಲ್ಲಿ ಇಳಿಬಿಟ್ಟಳು. ಊರಿನವರು ಸುತ್ತ ನಿಂತು ಬಗ್ಗಿ ನೋಡಿದರು. ಅಂದಾನಪ್ಪ ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತ.

ಒಂದು ಮಾರು ಇಳಿಯಿತು. ಹಳದಿ ಬೆಳಕು, ಅದರ ಪಕ್ಕದಲ್ಲಿ ಹಸಿರು. ಎರಡು ಮಾರು. ಹಳದಿ, ಹಸಿರು. ಇನ್ನೊಂದು ಮೊಳ ಬಿಟ್ಟಳು. ಕಂದೀಲಿನ ಕುಡಿ ಸಣ್ಣಗಾಯಿತು, ಒಮ್ಮೆ ಹೊಯ್ದಾಡಿತು, ಆರಿತು.

ಕತ್ತಲೆಯಲ್ಲಿ ಹಸಿರು ಒಂದೇ ಉಳಿಯಿತು. ನೀಲಗಂಗಾ ಹಗ್ಗವನ್ನು ಅಲ್ಲೇ ಬಿಗಿಹಿಡಿದಳು.

ಹಸಿರೂ ಆರಿತು. ಹಗೇವಿನ ತಳದಲ್ಲಿ ಕೆಂಪು ಹತ್ತಿ, ಬಿಲ್ಲೆ ಕಿವಿ ತೂತು ಬೀಳುವ ಹಾಗೆ ಕೂಗತೊಡಗಿತು. ಅಷ್ಟು ಒಳ್ಳೆಯ ಸದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಗ್ಗ ಹಿಡಿದ ಕೈಯ ಮೇಲೆ ಅಂದಾನಪ್ಪ ತನ್ನ ಕೈಯಿಟ್ಟು ಎಳೆಯಲು ಸಹಾಯ ಮಾಡಿದ.

"ಇವತ್ತ ಇಳಿಯೂದು ಬ್ಯಾಡ," ಎಂದ ಅವನು, ಗಿಡದ ಮೇಲಿನ ಅಂಗಿ ತೆಗೆದುಕೊಳ್ಳುತ್ತ. "ನಡಿ, ಮನಿಗೆ ಹೋಗೂಣು."